ಐದಿದ್ದ ರೊಟ್ಟಿ ಏಳಾದದ್ದು

ಅಕ್ಕ ಆ ರೊಟ್ಟಿಗಳನ್ನು ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದೆನೋ, ಅಥವಾ ನೋಡಿದೆನೆಂದು ವರ್ಷಗಟ್ಟಲೆ ಹೇಳಿ ಹೇಳಿ ನೋಡಿದವನಂತೆ ಆಗಿಬಿಟ್ಟೆನೋ, ಈಗ ಖಚಿತವಾಗಿ ಹೇಳಲಾರೆ. ಕುರುಗೋಡಿನ ಅವಳ ಮನೆಯ ಪಡಸಾಲೆ ನೆನಪಿದೆ. ಶೂಟಿಂಗಿನ ದೀಪಗಳ ಕಾವು, ಹೊರಗೆ ಬೇವಿನ ಗಿಡದ ಕೆಳಗೆ ಗುಡುಗುತ್ತಿದ್ದ ಜನರೇಟರ್ ವ್ಯಾನು ನೆನಪಿದೆ. ಅಕ್ಕನ ಹಸಿರು ಸೀರೆ ನೆನಪಿದೆ, ಆದರೆ ಆ ಹಸಿರು ಭಾವನ ಫೋನಿನಲ್ಲಿರುವ ಫೋಟೊದಿಂದ ನನ್ನ ತಲೆಗೆ ಬಂದಿರಲಿಕ್ಕೂ ಸಾಕು. ಇಷ್ಟು ಅನುಮಾನವಿದ್ದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕುರುಗೋಡಿಗೆ ಕೊಟ್ಟ ಮೇಲೆ ಅಲ್ಲೇ ರೊಟ್ಟಿ ಕೆಲಸ ಶುರುಮಾಡಿದಳು. ಈಗ ಅವಳ ಜೊತೆ ಇನ್ನೂ ನಾಲ್ಕು ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಬೆಳಗಿನ ಬಸ್ಸಿಗೆ ಬುಟ್ಟಿಗಳ ಜೊತೆ ಅವಳೂ ಬಳ್ಳಾರಿಗೆ ಹೋಗುತ್ತಾಳೆ, ಬ್ರೂಸ್‌ಪೇಟೆಯ ಖಾನಾವಳಿಗಳಿಗೆ. ಬುಟ್ಟಿಗೆ ನೂರು ರೊಟ್ಟಿ. ಮೇಲೆ ಬಿಳಿ ಅರಿವೆ ಕಟ್ಟಿರುತ್ತದೆ. ಅವಳು ನೂರು ಅಂದರೆ ನೂರು.

ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾದವರು ಕುರುಗೋಡಿಗೆ ಬಂದರು. ಹಾಸ್ಯದ ಸಿನಿಮಾ. ಅವರಿಗೆ ಕಲ್ಲುಕಂಬದ ಪಡಸಾಲೆಯಿರುವ ಮನೆ ಬೇಕಿತ್ತು, ಬಿಸಿ ರೊಟ್ಟಿ ಬಡಿದುಕೊಡುವವರು ಬೇಕಿತ್ತು. ಎರಡೂ ಅಕ್ಕನ ಮನೆಯಲ್ಲೇ ಸಿಕ್ಕವು. ಎರಡು ದಿನ ಶೂಟಿಂಗ್ ನಡೆಯಿತು. ದೃಶ್ಯ ಇಷ್ಟೇ: ಸುಳ್ಳು ಹೇಳಿಕೊಂಡು ವರನಾಗಿ ಬಂದ ಹಾಸ್ಯನಟ ಹೆಣ್ಣಿನ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ, ಸಾಕು ಎಂದರೆ ಸುಳ್ಳು ಬಯಲಾಗುತ್ತದೆಂದು ಹೆದರಿ ತಿನ್ನುತ್ತಲೇ ಹೋಗುತ್ತಾನೆ. ಅಕ್ಕ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಕಾಣುವುದು ಅವಳ ರೊಟ್ಟಿ.

ನನಗೊಂದು ಚಟವಿದೆ. ಸಿನಿಮಾದ ತಪ್ಪು ಹುಡುಕುವುದು. ಒಂದು ಶಾಟಿನಲ್ಲಿ ಮುಚ್ಚಿದ್ದ ಅಂಗಿಯ ಗುಂಡಿ ಮುಂದಿನ ಶಾಟಿನಲ್ಲಿ ಬಿಚ್ಚಿದ್ದರೆ ನನಗೆ ಆ ದಿನದ ಊಟ ಇನ್ನಷ್ಟು ರುಚಿಸುತ್ತದೆ. ಇತಿಹಾಸದಲ್ಲಿ ಎಂ.ಎ. ಮಾಡಿದೆ, ಸಿರುಗುಪ್ಪದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಹೇಳಿದ್ದನ್ನು ನಂಬಬೇಡಿ, ಆಧಾರ ಕೇಳಿ ಎಂದು ವರ್ಷವಿಡೀ ಕಿರುಚುವವನಿಗೆ ಇದು ಬಿಡುವಿನ ವೇಳೆಯ ಅದೇ ಕೆಲಸ. ಈ ಸಿನಿಮಾ ನಮ್ಮ ಕಡೆಯದೇ ಆದದ್ದರಿಂದ ನನಗೆ ಹಬ್ಬವಾಯಿತು. ನಾಯಕ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬೋರ್ಡಿನ ಬಸ್ಸು ಹತ್ತುತ್ತಾನೆ. ಹಾಡು ಮುಗಿಯುವವರೆಗೂ ಕಿಟಕಿಯಲ್ಲಿ ಕುರುಗೋಡಿನ ಅದೇ ಗುಡ್ಡ, ಅದೇ ಬಂಡೆ ಮೂರು ಸಲ ಹಾದುಹೋಗುತ್ತದೆ. ಇಳಿದರೆ ತುಂಗಭದ್ರೆಯ ದಂಡೆ. ದೇಶನೂರಿನ ಹತ್ತಿರ ಹಸಿರು ಭತ್ತದ ಗದ್ದೆಗೆ ನುಗ್ಗಿ ಓಡುವವನು ಆಚೆ ಬದಿಯಲ್ಲಿ ಹೊರಬರುವುದು ಕೊಯ್ಲಾದ ಗದ್ದೆಯಿಂದ. ಬ್ಯಾಂಕ್ ಮ್ಯಾನೇಜರ್ ಆಗಿ ಒಂದೇ ಮಾತಾಡುವವನು ನಿಜಕ್ಕೂ ಜನರೇಟರ್ ವ್ಯಾನಿನ ಡ್ರೈವರ್. ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಅದರಲ್ಲಿ ಎಲ್ಲರಿಗೂ ಇಷ್ಟವಾದದ್ದು ರೊಟ್ಟಿಯ ತಪ್ಪು. ದೂರದ ಶಾಟಿನಲ್ಲಿ ತಟ್ಟೆಯ ಪಕ್ಕ ಐದು ರೊಟ್ಟಿ. ನಟ ಒಂದು ತುಂಡು ಮುರಿದು ಬಾಯಿಗಿಡುತ್ತಾನೆ. ಕೂಡಲೇ ಹತ್ತಿರದ ಶಾಟು, ರೊಟ್ಟಿ ಏಳು. ಮತ್ತೆ ದೂರ ಹೋದರೆ ನಾಲ್ಕು.

ನಾನು ಇದಕ್ಕೆ ಕಾರಣವನ್ನೂ ಕೊಡುತ್ತಿದ್ದೆ. ನಮ್ಮ ಕಡೆ ಉಣ್ಣುವವನ ಮುಂದಿನ ರೊಟ್ಟಿ ತಳ ಕಾಣಬಾರದು. ಅವನು ಒಂದು ಮುಗಿಸುವಷ್ಟರಲ್ಲಿ ಮನೆಯಾಕೆಯ ಕೈ ಇನ್ನೊಂದನ್ನು ಇಟ್ಟಿರುತ್ತದೆ, ಅವನು ಬೇಡವೆಂದು ಕೈ ಅಡ್ಡ ಹಿಡಿದರೂ ಕೈಯ ಮೇಲೇ ಇಡುತ್ತದೆ. ಬೆಂಗಳೂರಿನಿಂದ ಬಂದ ಸಿನಿಮಾದವರಿಗೆ ಇದು ಗೊತ್ತಿಲ್ಲ. ಅವರು ಕ್ಯಾಮೆರಾ ತಿರುಗಿಸಿಕೊಳ್ಳುವಷ್ಟರಲ್ಲಿ ನಮ್ಮಕ್ಕ ಎರಡು ರೊಟ್ಟಿ ಇಟ್ಟುಬಿಟ್ಟಿದ್ದಾಳೆ! "ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೆ" ಎಂದು ಮುಗಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಳೆದ ವರ್ಷ ಕಾಲೇಜಿನ ಸಮಾರಂಭದಲ್ಲೂ ಮೈಕಿನ ಮುಂದೆ ಇದನ್ನೇ ಹೇಳಿದೆ. ಯಾರೋ ವಿಡಿಯೊ ಮಾಡಿದರು. ಸಿನಿಮಾದ ತುಣುಕನ್ನೂ ನನ್ನ ಮಾತನ್ನೂ ಸೇರಿಸಿ ಹರಿಬಿಟ್ಟರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲ ಕಡೆಯ ಫೋನುಗಳಿಗೂ ಅದು ತಲುಪಿತು.

ಮೂರನೆಯ ದಿನ ಅಕ್ಕನ ಫೋನು ಬಂತು.

"ಏನಲೇ, ಏನ್ ಹೇಳಿದಿ ನೀನು ಸಾಲ್ಯಾಗ?"

"ಸಾಲಿ ಅಲ್ಲಕ್ಕ, ಕಾಲೇಜು."

"ಯಾವ್ದರ ಆಗ್ಲಿ. ಇವತ್ತು ಬ್ರೂಸ್‌ಪೇಟಿ ಖಾನಾವಳ್ಯಾವ ಬುಟ್ಟಿ ಅರಿವಿ ಬಿಚ್ಚಿ ನನ್ನ ಮುಂದ ರೊಟ್ಟಿ ಎಣಿಸ್ಯಾನ. ಹನ್ನೊಂದು ವರ್ಷ ಆತು ಅವಗ ರೊಟ್ಟಿ ಕೊಡಾಕ ಹತ್ತಿ. ಒಂದಿನ ಎಣಿಸಿದ್ದಿಲ್ಲ."

"ಎಣಿಸಿದ್ರ ಏನಾತು? ಸರಿ ಇದ್ವಲ್ಲ?"

"ಸರಿ ಇದ್ವು. ಅದಕ್ಕ ಸಿಟ್ಟು ಬಂದಿರಾದು. ಎಣಿಸಿ ಏನಂದ ಗೊತ್ತೇನು? 'ಅಕ್ಕಾರ, ಹಾದ್ಯಾಗ ಎರಡು ಮರಿ ಹಾಕ್ಯಾವೇನೋ ಅಂತ ನೋಡಿದೆ' ಅಂದ. ಉಣ್ಣಾಕ ಕುಂತ ಮಂದಿ ಎಲ್ಲಾ ನಕ್ಕರು."

ನಾನೂ ನಕ್ಕೆ. ಅವಳು ಫೋನು ಇಟ್ಟಳು.

ಆಗ ನನಗೆ ಸಿಟ್ಟು ಬಂದದ್ದು ಅವಳ ಮೇಲೆ. ಒಂದು ತಮಾಷೆ ತಾಳಿಕೊಳ್ಳಲಾಗದೇ? ಅವಳ ಕೈ ಧಾರಾಳ ಎಂದು ಹೊಗಳಿದ್ದೇನೆಯೇ ಹೊರತು ಬೈದಿದ್ದೇನೆಯೇ? ಮರುದಿನವೂ ಅವನು ಎಣಿಸಿದ. ಅದರ ಮರುದಿನ ಪಕ್ಕದ ಖಾನಾವಳಿಯವನೂ ಅರಿವೆ ಬಿಚ್ಚಿಸಿದ. ಇದನ್ನು ಹೇಳಿದ್ದು ಭಾವ. ಅಕ್ಕ ನನ್ನ ಜೊತೆ ಮಾತಾಡುವುದನ್ನು ಬಿಟ್ಟಿದ್ದಳು. ಅವಳ ಹತ್ತಿರ ಇದ್ದದ್ದು ಎರಡೇ: ಕೈ ಮತ್ತು ಲೆಕ್ಕ. ನೂರು ಅಂದರೆ ನೂರು ಎಂಬ ಮಾತನ್ನು ಇಷ್ಟು ವರ್ಷ ಯಾರೂ ಪರೀಕ್ಷೆಗೆ ಒಡ್ಡಿರಲಿಲ್ಲ. ಈಗ ದಿನಾ ಬೆಳಿಗ್ಗೆ, ಊಟಕ್ಕೆ ಬಂದವರ ಎದುರು, ಅವಳು ನಿಂತು ಲೆಕ್ಕ ಒಪ್ಪಿಸಬೇಕಾಗಿತ್ತು.

ಭಾನುವಾರ ಕುರುಗೋಡಿಗೆ ಹೋದೆ. ಕ್ಷಮೆ ಕೇಳಲು ಹೋದೆನೆಂದು ಬರೆದರೆ ಸುಳ್ಳಾಗುತ್ತದೆ. ಸಿನಿಮಾವನ್ನು ಫೋನಿನಲ್ಲಿ ತುಂಬಿಸಿಕೊಂಡು ಹೋಗಿದ್ದೆ, ನಾನು ಸರಿ ಎಂದು ತೋರಿಸಲು. ಅವಳು ಆ ಸಿನಿಮಾವನ್ನು ಅದುವರೆಗೆ ನೋಡಿರಲಿಲ್ಲ. ನನ್ನ ರೊಟ್ಟಿ ನಾನು ದಿನಾ ನೋಡುತ್ತೇನೆ, ಅದನ್ನು ನೋಡಲು ಬಳ್ಳಾರಿಗೆ ಹೋಗಿ ಥೇಟರಿನಲ್ಲಿ ಯಾಕೆ ಕೂರಲಿ ಎಂದಿದ್ದಳಂತೆ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದದ್ದು ಕಂಡರೂ ಕೈ ನಿಲ್ಲಿಸಲಿಲ್ಲ. ಹಿಟ್ಟಿನ ಮುದ್ದೆ ಅವಳ ಅಂಗೈಯ ಕೆಳಗೆ ತಿರುಗುತ್ತ ಅಗಲವಾಗುತ್ತಿತ್ತು. ಭಾವ ಕಂಬಕ್ಕೆ ಒರಗಿ ಪೇಪರು ಹಿಡಿದಿದ್ದರು.

"ಒಂದ ನಿಮಿಷ ನೋಡಕ್ಕ. ನೋಡಿ ಆಮ್ಯಾಲೆ ಬೈ."

"ಹಿಂದ ಸರಿ, ಹೊಗಿ ತಾಗತೈತಿ ನಿನ್ನ ಫೋನಿಗೆ," ಅಂದಳು. ಆದರೆ ನೋಡಿದಳು. ಐದು ಬಂದವು. ನಟ ಮುರಿದ. ಏಳು ಬಂದವು.

"ಎಣಿಸು," ಅಂದೆ. ನನ್ನ ದನಿ ಖಾನಾವಳಿಯವನ ದನಿಯಂತೆಯೇ ಇತ್ತೆಂದು ಈಗ ಅನ್ನಿಸುತ್ತದೆ.

ಅವಳು ಎಣಿಸಲಿಲ್ಲ. "ನಿಲ್ಸು. ಹಿಂದಕ ಹೋಗು. ದೊಡ್ಡದು ಮಾಡು," ಅಂದಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಕೈಯ ಹಿಟ್ಟು ಒರೆಸಿಕೊಂಡು, ಮುಖವನ್ನು ಫೋನಿನ ಹತ್ತಿರ ತಂದಳು.

"ಇವು ನನ್ನ ರೊಟ್ಟಿ ಅಲ್ಲ."

"ಅಲ್ಲ ಅಂದ್ರ?"

"ಅಲ್ಲ ಅಂದ್ರ ಅಲ್ಲ. ಇವು ಬಡಿದಾವಲ್ಲ, ಲಟ್ಟಣಿಗಿಲೆ ಲಟ್ಟಿಸಿದಾವು. ಅಂಚು ನೋಡು, ಕತ್ರಿಲೆ ಕತ್ತರಿಸಿದಂಗ ಐತಿ. ಕೈಲೆ ಬಡಿದ್ರ ಅಂಚಿನ್ಯಾಗ ಸಣ್ಣ ಸೀಳು ಬರ್ತಾವ. ಮ್ಯಾಲೆ ನೀರಿನ ಅರಿವಿ ಎಳದ ಗೆರಿ ಎಲ್ಲದಾವ? ತೋರ್ಸು ನನಗ."

ನಾನು ಹಿಂದಿನ ಶಾಟಿಗೆ ಹೋದೆ. ಐದು ರೊಟ್ಟಿಗಳ ಅಂಚಿನಲ್ಲಿ ಸೀಳುಗಳಿದ್ದವು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆ ಆಡಿಸಿದಾಗ ಉಳಿಯುವ ಬೆಳ್ಳಗಿನ ಗೆರೆಗಳು, ಎಲ್ಲವೂ ಒಂದೇ ದಿಕ್ಕಿಗೆ, ಸ್ಪಷ್ಟವಾಗಿ ಇದ್ದವು. ಮುಂದಿನ ಶಾಟಿನ ಏಳು ರೊಟ್ಟಿಗಳ ಅಂಚು ನುಣ್ಣಗಿತ್ತು. ಮೈ ಮೇಲೆ ಒಂದು ಗೆರೆಯೂ ಇಲ್ಲ. ಆ ದೃಶ್ಯವನ್ನು ನಾನು ಎಷ್ಟು ಸಲ ನಿಲ್ಲಿಸಿ ನೋಡಿದ್ದೇನೋ ಲೆಕ್ಕವಿಲ್ಲ. ತಟ್ಟೆಯ ಪಕ್ಕದ ತಂಬಿಗೆ ಎಡದಿಂದ ಬಲಕ್ಕೆ ಹೋದದ್ದು ಕೂಡ ನನ್ನ ನೋಟ್‌ಬುಕ್ಕಿನಲ್ಲಿದೆ. ಇದು ಇರಲಿಲ್ಲ.

"ಎಣಿಸಾಕ ಬರ್ತೈತಿ ನಿನಗ, ನೋಡಾಕ ಬರಂಗಿಲ್ಲ," ಅಂದು ಅಕ್ಕ ಮತ್ತೆ ಹಿಟ್ಟು ತೆಗೆದುಕೊಂಡಳು.

ಅಷ್ಟಕ್ಕೇ ನಾನು ಸೋಲೊಪ್ಪಬೇಕಿತ್ತು. ಒಪ್ಪಲಿಲ್ಲ. "ಅದಿರ್ಲಿ. ನೀ ರೊಟ್ಟಿ ಇಟ್ಟಿದ್ದನ್ನ ನಾ ನೋಡೀನಲ್ಲ?" ಎಂದೆ.

"ಒಂದ ಸಲ ಇಟ್ಟೆ. ಇನ್ನಾ ಕ್ಯಾಮೆರಾ ಶುರು ಆಗಿದ್ದಿಲ್ಲ. ಆ ಪ್ಯಾಡ್ ಹಿಡಕಂಡು ಬರಕಣಾಕಿ ಇದ್ದಳಲ್ಲ, ಆಕಿ 'ಅಮ್ಮಾ, ಮುಟ್ಟಬೇಡಿ' ಅಂದಳು. ತಗದೆ. ಆಮ್ಯಾಲೆ ಎರಡು ದಿನ ಕೈ ಕಟಿಗಂಡು ನಿಂತೀನಿ, ಆತ ತಿನ್ನಾದು ನೋಡಿಕೆಂತ. ಕೈ ಕಡೀತಿತ್ತು, ಆದ್ರೂ ಮುಟ್ಟಿಲ್ಲ. ಇದನ್ನ ನಾನ ನಿನಗ ಹೇಳಿದ್ದು, ಉಣ್ಣಾಕ ಕುಂತಾಗ. ನೀ ಆವತ್ತು ಇಲ್ಲಿ ಇದ್ದಿದ್ದಿಲ್ಲ. ಮರುದಿನ ಬಂದಿ."

"ಇಲ್ಲ, ಮೊದಲ್ನೆ ದಿನಾನ ಬಂದಿದ್ದ," ಎಂದರು ಭಾವ ಪೇಪರಿನ ಹಿಂದಿನಿಂದ. "ಟೀ ಕುಡಿದು, ಸಕ್ಕರಿ ಜಾಸ್ತಿ ಆಗೈತಿ ಅಂದ."

"ಅದು ಯುಗಾದಿಗೆ ಬಂದಾಗ ರೀ! ನೀವು ಸುಮ್ನ ಪೇಪರ್ ಓದ್ರಿ."

ಭಾವ ಪೇಪರಿನ ಹಾಳೆ ತಿರುವಿದರು. ಮೊದಲ ದಿನವೋ ಎರಡನೆಯ ದಿನವೋ? ಅವಳು ಹೇಳಿದ್ದನ್ನು ಕೇಳಿ, ಅದಕ್ಕೆ ಸೀರೆಯ ಬಣ್ಣ, ದೀಪದ ಕಾವು ಎಲ್ಲ ಅಂಟಿಸಿ, ನಾನೇ ನೋಡಿದ ಹಾಗೆ ಮಾಡಿಕೊಂಡೆನೇ? ತರಗತಿಯಲ್ಲಿ ಹುಡುಗರಿಗೆ ಹೇಳುತ್ತೇನೆ: ಒಬ್ಬ ಸಾಕ್ಷಿ ಪ್ರತಿ ಸಲವೂ ಅದೇ ಮಾತುಗಳಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿ ಕಥೆ ಹೇಳಿದರೆ ಅವನನ್ನು ಅನುಮಾನಿಸಿ. ನಾನು ಈ ಕಥೆಯಲ್ಲಿ ನಗುವಿಗೆಂದು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ರೂಢಿ ಮಾಡಿಕೊಂಡಿದ್ದೆ.

ಹೊರಡುವಾಗ ಅಕ್ಕ ಅಂದಳು, "ನಾಳಿ ಬ್ರೂಸ್‌ಪೇಟಿಗೆ ಬಾ. ಅವನ ಮುಂದ ನಿಂತು ಹೇಳು. ನನಗ ಮತ್ತೇನೂ ಬ್ಯಾಡ."

ಹೋದೆ. ಖಾನಾವಳಿಯ ಮಾಲೀಕ ಗಲ್ಲಾಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಬುಟ್ಟಿ ಇಟ್ಟುಕೊಂಡು ಐದೈದು ರೊಟ್ಟಿ ಎತ್ತಿ ಎಣಿಸುತ್ತಿದ್ದ. ಆರಿದ ರೊಟ್ಟಿಗಳು ಹಾಗೆ ಎತ್ತಿ ಇಳಿಸಿದಾಗ ಮುರಿಯುತ್ತವೆ. ಅಕ್ಕ ಪ್ರತಿಯೊಂದಕ್ಕೂ ಹುಬ್ಬು ಗಂಟಿಕ್ಕುತ್ತ ನಿಂತಿದ್ದಳು. ನನ್ನನ್ನು ಕಂಡು ಅವನು ಎರಡೂ ಕೈ ಜೋಡಿಸಿದ.

"ಬರ್ರಿ ಬರ್ರಿ ಸಾರ್! ನಿಮ್ಮ ವಿಡಿಯೊ ನಮ್ಮ ಮನಿಯಾಗ ದಿನಾ ಹಾಕ್ತಾರ. ನಮ್ಮತ್ತಿ ತೆಲುಗು ಸಿನಿಮಾ ಬಿಟ್ಟು ನಿಮ್ಮನ್ನ ನೋಡಾಕ ಹತ್ಯಾಳ."

ನಾಲ್ಕೈದು ಜನ ಊಟ ನಿಲ್ಲಿಸಿ ನನ್ನತ್ತ ತಿರುಗಿದರು.

"ನೋಡ್ರಿ, ಆ ರೊಟ್ಟಿ ವಿಷಯ. ನಾ ಹೇಳಿದ್ದು ತಪ್ಪಿರಬಹುದು."

"ಇರಬಹುದು ಅಂದ್ರ, ಸರಿನೂ ಇರಬಹುದಲ್ರಿ ಸಾರ್?"

"ಹಂಗಲ್ಲ. ಆ ಶಾಟ್ ಬ್ಯಾರೆ ಕಡೆ ತಗದಿರೋ ಸಾಧ್ಯತೆ ಐತಿ. ಪೂರ್ತಿ ಆಧಾರ ಇನ್ನಾ ಸಿಕ್ಕಿಲ್ಲ…"

"ಸಿಗ್ಲಿ ಬಿಡ್ರಿ. ಅಲ್ಲಿ ತನಕ ಎಣಿಸಿಗಂಡಿರ್ತೀನಿ," ಎಂದು ಅವನು ನಕ್ಕ. ಜನರೂ ನಕ್ಕರು. ಒಬ್ಬ ಎರಡು ಬೆರಳು ಎತ್ತಿ ತೋರಿಸಿದ.

ಅಕ್ಕ ನಗಲಿಲ್ಲ. ಹಿಂದಿನ ದಿನದ ಖಾಲಿ ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು. ಸಂತೆಯ ಚೀಲಗಳು, ತಳ್ಳುಗಾಡಿಗಳ ನಡುವೆ ಅವಳನ್ನು ಹಿಂಬಾಲಿಸಿದೆ. ಅವಳು ತಿರುಗಿ ನಿಂತಾಗ ಹಿಂದಿನಿಂದ ಬಂದ ಬೈಕಿನವನು ಹಾರ್ನು ಹೊಡೆಯುತ್ತಲೇ ಇದ್ದ, ಅವಳು ಲಕ್ಷ್ಯ ಕೊಡಲಿಲ್ಲ.

"ಮಂದಿ ನಗಿಸಾಕ 'ಕಣ್ಣಾರೆ ನೋಡೀನಿ' ಅಂದಿ. ನನ್ನ ಸಲುವಾಗಿ ಮಾತಾಡು ಅಂದ್ರ 'ಇರಬಹುದು' ಅಂತಿ. ಯಾರು ಕಲ್ಸಿದ್ರು ನಿನಗ ಇದನ್ನ? ಅಷ್ಟು ಓದಿದ್ದು ಇದಕ್ಕೇನು?"

ಅವಳು ಹೋದಳು. ನಾನು ಬೈಕಿನವನ ಜೊತೆ ಜಗಳಕ್ಕೆ ನಿಂತೆ. ಅವನು ಏನು ತಪ್ಪು ಮಾಡಿದ್ದ ಎಂಬುದು ಈಗಲೂ ಗೊತ್ತಿಲ್ಲ.

ಆ ದಿನಗಳಲ್ಲಿ ನನ್ನ ಸಿಟ್ಟಿಗೆ ಕೊನೆಯಿರಲಿಲ್ಲ. ವಿಡಿಯೊ ಮಾಡಿದವನ ಮೇಲೆ, ಖಾನಾವಳಿಯವನ ಮೇಲೆ, ಗದ್ದೆಯ ಬಣ್ಣವನ್ನೂ ಸರಿಯಾಗಿ ನೋಡಿಕೊಳ್ಳಲಾಗದ ಆ ಸಿನಿಮಾದವರ ಮೇಲೆ. ಸಿರುಗುಪ್ಪದ ಬಸ್ಸಿನಲ್ಲಿ ಕೂತು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಬೈಯುತ್ತ ಹೋದರೆ ಊರು ಬರುವ ಹೊತ್ತಿಗೆ ಉಳಿಯುತ್ತಿದ್ದವನು ನಾನೇ. ಅನುಮಾನ ಪಡುವುದು ನನ್ನ ದೊಡ್ಡ ಗುಣ ಎಂದುಕೊಂಡಿದ್ದೆ. ತಮಾಷೆ ಮಾಡುವಾಗ ಅದು ಎಲ್ಲಿತ್ತು? ಚಪ್ಪಾಳೆ ಸಿಗುವ ಕಡೆ ನನಗೆ ಒಂದು ಚೂರೂ ಅನುಮಾನವಿರಲಿಲ್ಲ. ತಪ್ಪೊಪ್ಪಿಕೊಳ್ಳುವ ಹೊತ್ತಿಗೆ ಮಾತ್ರ ಸಾಧ್ಯತೆ, ಆಧಾರ, ಇರಬಹುದು ಎಂಬ ಮಾತುಗಳು ಸಾಲಾಗಿ ಬಂದು ನಿಂತವು. ಇದಕ್ಕೆ ಸಂಶಯ ಎಂದು ಹೆಸರಿಟ್ಟುಕೊಳ್ಳಲು ನಾಚಿಕೆಯಾಗಬೇಕು. ಇದು ಹೇಡಿತನ.

ನಾನು ಪಾಠ ಮಾಡಿದ ಹುಡುಗನೊಬ್ಬ ಬೆಂಗಳೂರಿನಲ್ಲಿ ಸಿನಿಮಾ ಎಡಿಟಿಂಗ್ ಕೆಲಸದಲ್ಲಿದ್ದಾನೆ. ಅವನನ್ನು ಬೆನ್ನುಹತ್ತಿದೆ. ಮೂರು ವಾರ ಕಾಡಿದ ಮೇಲೆ, ಅಂದು ಅಕ್ಕನಿಗೆ ಮುಟ್ಟಬೇಡಿ ಎಂದ ಆ ಹುಡುಗಿಯ ನಂಬರು ಸಿಕ್ಕಿತು. ಶಾಟಿನಿಂದ ಶಾಟಿಗೆ ಯಾವ ವಸ್ತು ಎಲ್ಲಿತ್ತು ಎಂದು ಬರೆದಿಡುವುದೇ ಅವಳ ಕೆಲಸವಾಗಿತ್ತು. ಅವಳ ಬಾಯಿಗೆ ಉತ್ತರ ತುರುಕಬಾರದೆಂದು ನನ್ನ ಕಥೆ ಹೇಳಲಿಲ್ಲ. ಕುರುಗೋಡಿನ ಊಟದ ದೃಶ್ಯವನ್ನು ಎಲ್ಲೆಲ್ಲಿ ತೆಗೆದಿರಿ ಎಂದಷ್ಟೇ ಕೇಳಿದೆ.

"ಅಯ್ಯೋ, ಆ ರೊಟ್ಟಿ ಸೀನಾ ಸಾರ್?" ಎಂದಳು. ದನಿಯಲ್ಲಿ ನನ್ನಷ್ಟೇ ಸಿಟ್ಟಿತ್ತು. "ಅದರ ತಪ್ಪಿಗೆ ಎಲ್ಲರೂ ನನ್ನನ್ನೇ ಬೈದರು. ಕ್ಲೋಸ್‌ಅಪ್ ಮಸುಕಾಗಿ ಬಂದಿತ್ತು. ಆಮೇಲೆ ಇಲ್ಲಿ ಬೆಂಗಳೂರಲ್ಲೇ ಒಂದು ಶೆಡ್‌ನಲ್ಲಿ ಗೋಡೆ ನಿಲ್ಲಿಸಿಕೊಂಡು ಮತ್ತೆ ತೆಗೆದರು. ಅಷ್ಟೊತ್ತಿಗೆ ನಾನು ಬೇರೆ ಸಿನಿಮಾಗೆ ಹೋಗಿದ್ದೆ. ನನ್ನ ಫೋಟೊ ಯಾರೂ ಕೇಳಲಿಲ್ಲ, ನೋಟ್ಸ್ ಯಾರೂ ಕೇಳಲಿಲ್ಲ. ರೊಟ್ಟಿ ಎಷ್ಟು ಇಡಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಹೇಳಿ?" ಕೊನೆಗೆ ಕೇಳಿದಳು, "ಆ ಅಮ್ಮ ಚೆನ್ನಾಗಿದ್ದಾರಾ? ಎರಡು ದಿನವೂ ಕೈ ಕಟ್ಟಿಕೊಂಡೇ ನಿಂತಿದ್ದರು ಪಾಪ."

ಅಕ್ಕನಿಗೆ ಫೋನು ಮಾಡಿದೆ. ಈ ಸಲ ಎತ್ತಿದಳು.

"ಅಕ್ಕ, ಆ ಶಾಟ್ ನಿಮ್ಮ ಮನಿಯಾಗ ತಗದಿದ್ದಲ್ಲ."

"ಅದನ್ನ ನನಗ ಯಾಕ ಹೇಳ್ತಿ? ನನಗ ಗೊತ್ತೈತಿ. ಅವಗ ಹೇಳು."

ಮರುದಿನ ಊಟದ ಹೊತ್ತಿಗೇ ಹೋದೆ, ಬೆಂಚುಗಳು ತುಂಬಿದ್ದಾಗ. ಆ ದಿನದ ಎರಡನೆಯ ಬುಟ್ಟಿ ಆಗಷ್ಟೇ ಬಂದಿತ್ತು, ಮಾಲೀಕ ಮೂವತ್ತರವರೆಗೆ ಎಣಿಸಿದ್ದ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ನಾನು ಕಾಲೇಜಿನ ಮೈಕಿನ ಮುಂದೆ ಮಾತಾಡಿದಷ್ಟೇ ಗಟ್ಟಿಯಾಗಿ ಹೇಳಿದೆ: "ನಾ ಹೇಳಿದ್ದು ಸುಳ್ಳು. ನಮ್ಮಕ್ಕ ಒಂದ ರೊಟ್ಟಿನೂ ಹೆಚ್ಚು ಇಟ್ಟಿಲ್ಲ. ನಾ ನೋಡಿಲ್ಲ, ನೋಡೀನಿ ಅಂತ ಹೇಳಿದೆ." ಯಾರೂ ನಗಲಿಲ್ಲ. ನಗಲು ಅದರಲ್ಲಿ ಏನೂ ಇರಲಿಲ್ಲ. ಮಾಲೀಕ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದ. ಎತ್ತಿದ್ದ ಐದು ರೊಟ್ಟಿಗಳನ್ನು ಬುಟ್ಟಿಗೆ ಇಳಿಸಿ, ಅರಿವೆ ಎಳೆದು ಮುಚ್ಚಿ, "ಒಳಗ ಒಯ್ರಿ" ಎಂದು ಅಡಿಗೆಯವನಿಗೆ ಹೇಳಿದ.

ನಾನು ಅಲ್ಲಿ ಯಾವ ದಿನ ಇದ್ದೆ, ಏನು ನೋಡಿದೆ ಎಂಬುದು ಇನ್ನೂ ಗೊತ್ತಿಲ್ಲ. ಆ ಬಗ್ಗೆ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಒಂದನ್ನು ಮಾತ್ರ ಎರಡು ಕಡೆಯಿಂದ ಪರೀಕ್ಷಿಸಿ ಖಚಿತ ಮಾಡಿಕೊಂಡಿದ್ದೇನೆ. ಆ ಹುಡುಗಿ ಕುರುಗೋಡಿನಲ್ಲಿ ಪ್ರತಿ ಶಾಟಿಗೂ ಮೊದಲು ತೆಗೆದಿಟ್ಟ ಫೋಟೊಗಳನ್ನು ತಾರೀಖಿನ ಸಮೇತ ಕಳಿಸಿದಳು, ಯಾವುದರಲ್ಲೂ ಐದಕ್ಕಿಂತ ಹೆಚ್ಚು ರೊಟ್ಟಿ ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿ, ಆ ಸಿನಿಮಾದ ಮೂಲ ತುಣುಕುಗಳಿದ್ದ ಕಡೆ ಹೋಗಿ, ಹತ್ತಿರದ ಶಾಟಿನ ಮುಂದೆ ಹಿಡಿದ ಕ್ಲಾಪ್ ಹಲಗೆಯ ಮೇಲಿನ ತಾರೀಖನ್ನು ಓದಿ ಹೇಳಿದ. ಏಳು ರೊಟ್ಟಿಯ ಶಾಟು ತೆಗೆದದ್ದು ಕುರುಗೋಡಿನ ಶೂಟಿಂಗ್ ಮುಗಿದು ಮೂವತ್ತನಾಲ್ಕು ದಿನಗಳ ಮೇಲೆ, ಬೆಂಗಳೂರಿನಲ್ಲಿ.